ಬಾಯಿಯ ಬಿಳಿ ಮಚ್ಚೆ, ದೇಹದ ಕಾವಲು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಎಲೆ, ಅಡಿಕೆ, ತಂಬಾಕಿನ ಚಂಚಿ ಹಿಡಿದು ಕಟ್ಟೆಯ ಮೇಲೆ ಕೂತ ಹಿರಿಯರನ್ನು ನೀವು ಕಂಡಿರುತ್ತೀರಿ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಲಾಯಿತು. ಆಮೇಲೆ ಅಡಿಕೆಪುಡಿ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದವು. ಬರೀ ಅಡಿಕೆಯಿಂದ ಏನಾಗುತ್ತದೆ ಎನ್ನಬೇಡಿ. ಅದೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು.

ಬಾಯಿಯ ಒಳಮೈಯನ್ನು ಹೊದ್ದಿರುವ ಕೋಶಗಳ ಪದರಕ್ಕೆ ಎಪಿಥೀಲಿಯಂ ಎನ್ನುತ್ತಾರೆ. ಅದರ ತಳದಲ್ಲಿ, ಹೊಲದ ಒಡ್ಡಿನಂತೆ, ಒಂದು ತೆಳುವಾದ ಪೊರೆ ಇದೆ. ದಿನವೂ ತಂಬಾಕು, ಅಡಿಕೆ ತಾಗಿದರೆ ಕೆಲವು ಕೋಶಗಳ ಬೆಳವಣಿಗೆ ಹದ ತಪ್ಪುತ್ತದೆ. ಹಾಗೆ ಕೆಟ್ಟ ಕೋಶಗಳು ಒಡ್ಡಿನೊಳಗೇ ಇರುವವರೆಗೆ ಅದು ಕ್ಯಾನ್ಸರ್ ಪೂರ್ವ ಸ್ಥಿತಿ. ಒಡ್ಡು ಒಡೆದು ಕೆಳಗೆ ನುಗ್ಗಿದರೆ ಅದೇ ಆಕ್ರಮಣಕಾರಿ ಕ್ಯಾನ್ಸರ್.

ಇಷ್ಟಾಗುವಾಗ ದೇಹ ಸುಮ್ಮನಿರುವುದಿಲ್ಲ. ಕೆಟ್ಟ ಕೋಶಗಳನ್ನು ಕೊಲ್ಲಬಲ್ಲ ಟಿ-ಕೋಶಗಳು ಅಲ್ಲಿಗೆ ಬರುತ್ತವೆ. ಅವುಗಳ ಮೈಮೇಲೆ ಸಿಡಿ8 ಎಂಬ ಗುರುತು ಇರುತ್ತದೆ. ಆದರೆ ಟಿ-ಕೋಶಕ್ಕೆ ಪಿಡಿ-1 ಎಂಬ ಲಗಾಮೂ ಉಂಟು. ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಇದನ್ನು ಗುರುತಿಸಿತು. 2018ರ ನೊಬೆಲ್ ಪ್ರಶಸ್ತಿಯನ್ನು ಹೊಂಜೊ ಅವರು ಅಮೆರಿಕದ ಜೇಮ್ಸ್ ಆಲಿಸನ್ ಅವರೊಂದಿಗೆ ಹಂಚಿಕೊಂಡರು. ಗೆಡ್ಡೆಯ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ತಂದುಕೊಂಡು ಆ ಲಗಾಮನ್ನು ಎಳೆಯುತ್ತವೆ. ಕಾವಲುಗಾರ ಎದುರಿಗೇ ಇದ್ದೂ ಕೈಕಟ್ಟಿ ನಿಲ್ಲುತ್ತಾನೆ.

ಇದನ್ನು ನೋಡುವುದು ಹೇಗೆ? ಮಚ್ಚೆಯಿಂದ ಚೂರು ಅಂಗಾಂಶ ತೆಗೆದು, ತೆಳುವಾಗಿ ಕೊಯ್ದು, ಗುರುತನ್ನು ಹಿಡಿಯುವ ಪ್ರತಿಕಾಯವನ್ನು ಅದಕ್ಕೆ ಸೇರಿಸುತ್ತಾರೆ. ಬಳಿಕ ಬಣ್ಣ ಬರಿಸಿದಾಗ ಗುರುತು ಇರುವಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂದು ಬಣ್ಣ ಕಾಣುತ್ತದೆ. ಬಿಳಿ ಮಚ್ಚೆ ಕ್ಯಾನ್ಸರಿನತ್ತ ಸಾಗಿದಂತೆ ಪಿಡಿ-ಎಲ್1 ಹೆಚ್ಚುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಎಲ್ಲರಲ್ಲೂ ಒಂದೇ ಸಮನಾಗಿ ಅಲ್ಲ. ಆದ್ದರಿಂದ ಇದೊಂದೇ ಗುರುತು ನೋಡಿ ಭವಿಷ್ಯ ಹೇಳಲಾಗದು.

ಈ ಲಗಾಮನ್ನು ಸಡಿಲಿಸುವ ಔಷಧಿಗಳಿಗೆ ತಲೆ-ಕುತ್ತಿಗೆಯ ಕ್ಯಾನ್ಸರಿಗಾಗಿ 2016ರಲ್ಲಿ ಅಮೆರಿಕದಲ್ಲಿ ಮೊದಲ ಮನ್ನಣೆ ದೊರೆಯಿತು. ಅವು ದುಬಾರಿ, ಎಲ್ಲರಿಗೂ ಫಲಿಸುವುದೂ ಇಲ್ಲ. ಒಡ್ಡು ಒಡೆಯುವ ಮುನ್ನ ಎಚ್ಚರವಾದರೆ ಅಷ್ಟು ದೂರ ಹೋಗಬೇಕಾಗದಿರಬಹುದು.

ಮನೆಯಲ್ಲಿ ಅಜ್ಜ, ಕಾಕಾ ಯಾರಾದರೂ ತಂಬಾಕು ತಿನ್ನುತ್ತಿದ್ದರೆ ಬ್ಯಾಟರಿ ಹಿಡಿದು ಅವರ ಬಾಯಿ ನೋಡಿ. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ: ಇವುಗಳಲ್ಲಿ ಒಂದು ಕಂಡರೂ ತಾಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ಎಲ್ಲ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಯಾವುದು ಆಗುತ್ತದೆಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ನೋವಿಲ್ಲವೆಂದು ಕಾಯಬೇಡಿ, ಮೊದಮೊದಲು ಅದು ನೋಯುವುದೇ ಅಪರೂಪ.