ನೆಲದಡಿಯ ಗಾಳಿಯನ್ನೂ ಅಳೆಯೋಣ

(ಬಳಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿಕಿರಣ ಎಂಬ ಮಾತು ನಮ್ಮ ಬೆಟ್ಟಗಳಿಗೆ ಹೊಸದಲ್ಲ. ಕೈಗಾ ಅಣುಸ್ಥಾವರದ ವಿರುದ್ಧ ನಡೆದ ಚಳವಳಿಯ ನೆನಪು ಇಲ್ಲಿರುವ ಹಿರಿಯರಲ್ಲಿ ಇನ್ನೂ ಹಸಿಯಾಗಿದೆ. ಆದರೆ ಇಂದು ನಾನು ಹೇಳಹೊರಟಿರುವುದು ಸ್ಥಾವರದ ವಿಕಿರಣದ ಕುರಿತಲ್ಲ. ನಾವು ಮಲಗುವ ಕೋಣೆಯ ನೆಲದಡಿಯಿಂದ ಏಳುವ ರೇಡಾನ್ ಎಂಬ ಅನಿಲದ ಕುರಿತು.

1984ರ ಡಿಸೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಿಮೆರಿಕ್ ಅಣುಸ್ಥಾವರದಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ಅಲ್ಲಿನ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ವಿಕಿರಣ ಪತ್ತೆಯಂತ್ರವನ್ನು ದಾಟುವಾಗ ಮತ್ತೆ ಮತ್ತೆ ಎಚ್ಚರಿಕೆಯ ಗಂಟೆ ಮೊಳಗುತ್ತಿತ್ತು. ಸ್ಥಾವರವೋ ಆಗಿನ್ನೂ ವಿದ್ಯುತ್ ಉತ್ಪಾದನೆ ಆರಂಭಿಸಿರಲಿಲ್ಲ. ಕೊನೆಗೆ ಅವರ ಮನೆಯನ್ನು ಪರೀಕ್ಷಿಸಿದಾಗ ಪ್ರತಿ ಘನಮೀಟರ್ ಗಾಳಿಯಲ್ಲಿ ಸುಮಾರು 1,00,000 ಬೆಕ್ವೆರೆಲ್ ರೇಡಾನ್ ಕಂಡುಬಂತು. ಒಂದು ಬೆಕ್ವೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣುವಿನ ವಿಘಟನೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ 148 ಬೆಕ್ವೆರೆಲ್ ತಲುಪಿದರೆ ಮನೆಯನ್ನು ಸರಿಪಡಿಸಬೇಕು. ವಾಟ್ರಸ್ ಅವರ ಮೈಗಂಟಿದ ವಿಕಿರಣ ಸ್ಥಾವರದಿಂದ ಮನೆಗೆ ಹೋದದ್ದಲ್ಲ. ಮನೆಯಿಂದ ಸ್ಥಾವರಕ್ಕೆ ಬಂದದ್ದು.

ಬಂಡೆಯಲ್ಲಿಯೂ ಮಣ್ಣಿನಲ್ಲಿಯೂ ಅಲ್ಪಸ್ವಲ್ಪ ಯುರೇನಿಯಂ ಇದ್ದೇ ಇರುತ್ತದೆ. ಗ್ರಾನೈಟ್‌ನಂಥ ಶಿಲೆಗಳಲ್ಲಿ ಅದು ಸಾಮಾನ್ಯವಾಗಿ ತುಸು ಹೆಚ್ಚು. ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗಿ, ರೇಡಿಯಂ ಕ್ಷಯಿಸಿ ರೇಡಾನ್ ಆಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇದರ ಅರ್ಧಾಯು 3.8 ದಿನ, ಮಣ್ಣಿನ ರಂಧ್ರಗಳ ಮೂಲಕ ಮೇಲೇರಿ ನೆಲದ ಬಿರುಕುಗಳಿಂದ ಮನೆಯೊಳಗೆ ಬರಲು ಅಷ್ಟು ಕಾಲ ಸಾಕು. ಬಯಲಿನಲ್ಲಿ ಗಾಳಿಯೊಡನೆ ಬೆರೆತು ತೆಳುವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಶೇಖರವಾಗುತ್ತದೆ. ರೇಡಾನ್ ಒಡೆದು ಹುಟ್ಟುವ ಪೊಲೋನಿಯಂ ಕಣಗಳು ಉಸಿರಿನೊಡನೆ ಒಳಸೇರಿ, ಶ್ವಾಸಕೋಶದ ಒಳಪದರಕ್ಕೆ ಅಂಟಿ, ಅಲ್ಲಿಯೇ ಆಲ್ಫಾ ಕಣಗಳನ್ನು ಹೊರಸೂಸುತ್ತವೆ. ಅನೇಕ ದೇಶಗಳಲ್ಲಿ ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ಎರಡನೆಯ ಮುಖ್ಯ ಕಾರಣ ರೇಡಾನ್. ದೀರ್ಘಕಾಲದ ಸರಾಸರಿ ಮಟ್ಟ 100 ಬೆಕ್ವೆರೆಲ್ ಏರಿದಂತೆಲ್ಲ ಈ ಕ್ಯಾನ್ಸರಿನ ಸಂಭವ ಶೇಕಡಾ 16ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಹಲವು ಪಟ್ಟು ಹೆಚ್ಚು.

ಇನ್ನು ನಮ್ಮ ಮನೆಗಳನ್ನು ನೋಡಿ. ಹೆಂಚಿನ ಸಂದಿಯಿಂದ ಗಾಳಿಯಾಡುತ್ತಿದ್ದ ಮನೆಗಳ ಜಾಗದಲ್ಲಿ ಆರ್‌ಸಿಸಿ ಚಾವಣಿ, ಗಾಜಿನ ಕಿಟಕಿಗಳು ಬಂದಿವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಿಟಕಿ ತೆರೆಯುವುದಿಲ್ಲ. ಸುತ್ತಲಿನ ಮಣ್ಣು ನೀರು ಕುಡಿದು ಅದರ ರಂಧ್ರಗಳು ಮುಚ್ಚಿದಾಗ, ಮಣ್ಣೊಳಗಿನ ಗಾಳಿ ಮನೆಯಡಿಯ ಒಣ ನೆಲದತ್ತ ಸರಿಯುವ ಸಂಭವವೂ ಇದೆ. ಅಂಗನವಾಡಿಯಂತೂ ಬಹುತೇಕ ಒಂದೇ ಕೋಣೆ. ಚಳಿಯೆಂದು ಬಾಗಿಲು ಮುಚ್ಚಿ, ಮಕ್ಕಳನ್ನು ಚಾಪೆಯ ಮೇಲೆ ಕೂರಿಸುತ್ತೇವೆ, ಮಲಗಿಸುತ್ತೇವೆ. ರೇಡಾನಿನ ಅಪಾಯ ಒಂದು ದಿನದ್ದಲ್ಲ, ವರ್ಷಾನುವರ್ಷದ ಉಸಿರಿನ ಮೊತ್ತ. ಆ ಮೊತ್ತದ ಮೊದಲ ಸಾಲನ್ನು ಬರೆಯುವುದು ಬಾಲ್ಯ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರವಾನಗಿ ಪಡೆದ ಶಿಶುಪಾಲನಾ ಕೇಂದ್ರಗಳು ಮೂರು ವರ್ಷಕ್ಕೊಮ್ಮೆಯಾದರೂ ರೇಡಾನ್ ಪರೀಕ್ಷೆ ಮಾಡಿಸಬೇಕೆಂಬ ಕಾನೂನಿದೆ.

ಹಾಗೆಂದು ಯಾರೂ ಗಾಬರಿಯಾಗಬೇಕಾಗಿಲ್ಲ. ಅಳೆಯದೆ 'ನಮ್ಮಲ್ಲಿ ಹೆಚ್ಚಿದೆ' ಎನ್ನುವುದು ಎಷ್ಟು ತಪ್ಪೋ, 'ನಮ್ಮಲ್ಲಿಲ್ಲ' ಎನ್ನುವುದೂ ಅಷ್ಟೇ ತಪ್ಪು. ಮಣ್ಣುಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯಬೇಡಿರೆಂದು ನಾನು ತೋಟದ ಬದುವಿನಲ್ಲಿ ನಿಂತು ಹೇಳುತ್ತ ಬಂದವನು. ಮನೆಯ ಗಾಳಿಗೂ ಅದೇ ಮಾತು. ಅಕ್ಕಪಕ್ಕದ ಎರಡು ಮನೆಗಳಲ್ಲಿಯೇ ಮಟ್ಟ ಬೇರೆ ಬೇರೆ ಇರಬಹುದಾದ್ದರಿಂದ ನೆರೆಮನೆಯ ಫಲಿತಾಂಶ ನಮ್ಮದಾಗದು. ಪರೀಕ್ಷೆ ಸರಳ. ವಿಶೇಷ ಪ್ಲಾಸ್ಟಿಕ್ ಪದರವಿರುವ ಪುಟ್ಟ ಡಬ್ಬಿಯೊಂದನ್ನು ನೆಲಮಟ್ಟದ ಕೋಣೆಯಲ್ಲಿ, ಗೋಡೆ ಕಿಟಕಿಗಳಿಂದ ದೂರ, ಸುಮಾರು ಮೂರು ತಿಂಗಳು ತೂಗುಹಾಕಬೇಕು. ಆಲ್ಫಾ ಕಣಗಳು ಪದರದಲ್ಲಿ ಮೂಡಿಸಿದ ಗುರುತುಗಳನ್ನು ಪ್ರಯೋಗಾಲಯದಲ್ಲಿ ಎಣಿಸುತ್ತಾರೆ. ಕಾಲದಿಂದ ಕಾಲಕ್ಕೆ ಮಟ್ಟ ಬದಲಾಗುವುದರಿಂದ ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಅಳೆಯುವುದು ಲೇಸು. ಮೈಸೂರು ಮತ್ತು ಮಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ಈ ಬಗೆಯ ಅಧ್ಯಯನಗಳು ನಡೆದಿವೆ. ಅಲ್ಲಿನ ತಜ್ಞರ ನೆರವನ್ನು ನಾವು ಕೋರಬಹುದು.

ಮಟ್ಟ ಹೆಚ್ಚಿದ್ದರೆ ಮನೆ ತೊರೆಯಬೇಕಾಗಿಲ್ಲ. 100 ಬೆಕ್ವೆರೆಲ್‌ಗಿಂತ ಕೆಳಗಿರಲಿ, ಅದು ಸಾಧ್ಯವಾಗದ ಕಡೆ 300 ಮೀರದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ನೀಡಿದ ಸಲಹೆ. ಕಿಟಕಿ ತೆರೆದಿಡುವುದು, ನೆಲದ ಬಿರುಕು ಮುಚ್ಚುವುದು ಮೊದಲ ಹೆಜ್ಜೆ. ಅಷ್ಟಕ್ಕೂ ಇಳಿಯದಿದ್ದರೆ ನೆಲದಡಿಗೆ ಕೊಳವೆ ಇಳಿಸಿ, ಫ್ಯಾನ್ ಜೋಡಿಸಿ, ಅಲ್ಲಿನ ಗಾಳಿಯನ್ನು ಮಾಡಿನ ಮೇಲಕ್ಕೆ ಬಿಡುತ್ತಾರೆ. ವಾಟ್ರಸ್ ಅವರ ಮನೆಯನ್ನೂ ಸರಿಪಡಿಸಲಾಯಿತು. ಆ ಕುಟುಂಬ ಕೆಲವೇ ತಿಂಗಳಲ್ಲಿ ಮರಳಿತು.

ಮಿತ್ರರೊಬ್ಬರು ನನ್ನನ್ನು ಎಚ್ಚರಿಸಿದ್ದಾರೆ: 'ಇದನ್ನೆಲ್ಲ ಹೇಳಿದರೆ, ನಿಮ್ಮ ಮನೆಯ ನೆಲವೇ ವಿಕಿರಣ ಸೂಸುವಾಗ ಸ್ಥಾವರವನ್ನೇಕೆ ದೂರುತ್ತೀರಿ ಎಂದು ಕೇಳುತ್ತಾರೆ.' ಕೇಳಲಿ. ನಿಸರ್ಗದತ್ತ ವಿಕಿರಣದಿಂದ ಮನುಷ್ಯನಿಗೆ ತಗಲುವ ಪಾಲಿನಲ್ಲಿ ಜಗತ್ತಿನ ಸರಾಸರಿಯಂತೆ ಸುಮಾರು ಅರ್ಧ ರೇಡಾನಿನದೇ. ಈ ಸತ್ಯವನ್ನು ಬಚ್ಚಿಟ್ಟು ಉಳಿಸಿಕೊಳ್ಳಬೇಕಾದ ಚಳವಳಿ ನಮ್ಮದಲ್ಲ. ಸ್ಥಾವರದ ಲೆಕ್ಕವನ್ನು ಬಹಿರಂಗಪಡಿಸಿರೆಂದು ಕೇಳಿದ ನಾವು ನಮ್ಮ ನೆಲದ ಲೆಕ್ಕಕ್ಕೂ ಹೆದರಬಾರದು. ನಿಸರ್ಗದ್ದು ಎಂಬ ಕಾರಣಕ್ಕೆ ಯಾವುದೂ ನಿರಪಾಯವಾಗುವುದಿಲ್ಲ.

ಆದ್ದರಿಂದ ಬಳಗದಲ್ಲಿ ನನ್ನ ವಿನಂತಿ ಇಷ್ಟೆ. ಮೊದಲು ನಮ್ಮೂರುಗಳ ಅಂಗನವಾಡಿಗಳಲ್ಲಿ, ಬಳಿಕ ನಮ್ಮ ಮನೆಗಳಲ್ಲಿ ಈ ಪರೀಕ್ಷೆಯನ್ನು ಕೈಗೊಳ್ಳೋಣ. ಬಂದ ಅಂಕಿಗಳನ್ನು, ಹೆಚ್ಚಿರಲಿ ಕಡಿಮೆಯಿರಲಿ, ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ. ಅಲ್ಲಿಯವರೆಗೆ, ಮಳೆ ತುಸು ಬಿಡುವು ಕೊಟ್ಟಾಗಲೆಲ್ಲ ಅಂಗನವಾಡಿಯ ಕಿಟಕಿಗಳನ್ನು ತೆರೆದಿಡಿ.