ಅಲ್ಲಾಡೋ ಹಳೇ ಉಜ್ಜುಗೊರಡು: ಬಿಗಿ ಮಾಡೋ ಮುಂಚೆ ಕಾರಣ ಹುಡುಕಿ



ಮುಂಬೈನ ಚೋರ್ ಬಜಾರ್‌ನಲ್ಲೋ ಪುಣೆಯ ಜೂನಾ ಬಜಾರ್‌ನಲ್ಲೋ ಕಬ್ಬಿಣದ ಹಳೇ ಉಜ್ಜುಗೊರಡು ನೋಡಿರ್ತೀರಿ. ಕೆಲವರಿಗೆ ಅಜ್ಜನ ಪೆಟ್ಟಿಗೆಯಿಂದಲೇ ಬಂದಿರುತ್ತೆ. ನಮ್ಮ ಕೆಲವು ಊರುಗಳಲ್ಲಿ ಹತ್ತರಿ, ಮರಾಠಿಯಲ್ಲಿ ರಂಧಾ, ತಮಿಳಿನಲ್ಲಿ ಇಳೈಪ್ಪುಳಿ. ಕೈಗೆ ತಗೊಂಡ್ರೆ ಹಿಡಿ ಗಡಗಡ ಅನ್ನುತ್ತೆ. ಮನೆ ಖಾಲಿ ಮಾಡುವಾಗ ಗುಜರಿಗೆ ಹೋಗೋ ಮೊದಲ ಸಾಮಾನು ಇದೇ. ಅದಕ್ಕಿಂತ ಕೆಟ್ಟದ್ದು ಅಂದ್ರೆ ಶಕ್ತಿ ಹಾಕಿ ತಿರುಗಿಸಿ ಹಿಡಿಯನ್ನೇ ಸೀಳಿಬಿಡೋದು. ಎರಡೂ ಬೇಡ.

ಸ್ಟ್ಯಾನ್ಲಿ ನಂಬರ್ 4ನ್ನೇ ತಗೊಳ್ಳೋಣ. ವಿನ್ಯಾಸ ಲಿಯೊನಾರ್ಡ್ ಬೇಲಿಯದ್ದು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ವ್ಯವಹಾರ ಕೊಂಡುಕೊಂಡಿತು. ಆಮೇಲೆ ಬಂದ ಎಷ್ಟೋ ಕಂಪನಿಗಳ ಉಜ್ಜುಗೊರಡು ಇದೇ ಅಚ್ಚಿನವು. ಹಾಗಾಗಿ ನಿಮ್ಮ ಹತ್ರ ಯಾವುದಿದ್ದರೂ ಈ ಮಾತು ಬಹುಪಾಲು ಹೊಂದುತ್ತೆ.

ಮೊದಲು ಹಿಂದಿನ ಹಿಡಿ. ಒಳಗೊಂದು ಉದ್ದ ಕಬ್ಬಿಣದ ಕಡ್ಡಿ, ಮೇಲೆ ಹಿತ್ತಾಳೆ ನಟ್. ಹಳೇ ಹಿಡಿಗಳು ರೋಸ್‌ವುಡ್, ಅಂದ್ರೆ ನಮ್ಮ ಬೀಟೆಯ ಬಂಧು. ವರ್ಷಗಳು ಕಳೆದಂತೆ ಮರ ಒಣಗಿ ಕುಗ್ಗುತ್ತೆ, ಕಡ್ಡಿ ಕುಗ್ಗಲ್ಲ. ಆಗ ನಟ್ ಹೋಗಿ ಥ್ರೆಡ್‌ನ ಕೊನೆಗೆ ನಿಲ್ಲುತ್ತೆ. ನಿಮಗೆ ಬಿಗಿಯಾಯ್ತು ಅನ್ಸುತ್ತೆ, ಮರ ಮಾತ್ರ ಸಡಿಲವಾಗೇ ಇರುತ್ತೆ. ಇನ್ನಷ್ಟು ತಿರುಗಿಸಿದ್ರೆ ನಟ್‌ನ ಗಾಡಿ ಹಾಳಾಗುತ್ತೆ, ಅಷ್ಟೇ. ನಟ್ ಬಿಚ್ಚಿ, ಅದು ಕೂರೋ ಗುಳಿಯಲ್ಲಿ ಒಂದು ತೆಳು ವಾಷರ್ ಹಾಕಿ. ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ತೆಗೀಬಹುದು. ವಾಷರ್‌ಗೆ ಜಾಗ ಇಲ್ಲದಿದ್ರೆ ಮಾತ್ರ ಕಡ್ಡಿಯ ತುದಿಯನ್ನ ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿ. ಮುಂದಿನ ಗುಬಟಿಗೂ ಇದೇ ಮದ್ದು. ನಂಬರ್ 5 ಮತ್ತು ಅದಕ್ಕಿಂತ ದೊಡ್ಡದಾದ್ರೆ ಹಿಡಿಯ ಪಾದದಲ್ಲಿ ಇನ್ನೊಂದು ಸಣ್ಣ ಸ್ಕ್ರೂ ಇರುತ್ತೆ, ಅದನ್ನೂ ನೋಡಿ.

ಒಂದು ಎಚ್ಚರಿಕೆ. ಈ ಸ್ಕ್ರೂಗಳ ಥ್ರೆಡ್ ಇಂಚಿನ ಲೆಕ್ಕದ್ದು, ಅದೂ ಅಪರೂಪದ ಅಳತೆ. ಹಾರ್ಡ್‌ವೇರ್ ಅಂಗಡಿಯ ಮಿಲಿಮೀಟರ್ ಬೋಲ್ಟ್ ತಂದು ಬಲವಂತವಾಗಿ ತುರುಕಬೇಡಿ. ಬೀಡು ಕಬ್ಬಿಣದ ಒಳಗಿನ ಥ್ರೆಡ್ ಒಮ್ಮೆ ಹೋದ್ರೆ ಹೋಯ್ತು.

ಎರಡನೇದು, ಅಲಗಿನ ಕೆಳಗಿರೋ ಪೀಠ. ಇಂಗ್ಲಿಷಲ್ಲಿ ಫ್ರಾಗ್ ಅಂತಾರೆ, ಹೌದು, ಕಪ್ಪೆನೇ! ಅದು ಸಡಿಲ ಇದ್ರೆ ಅಲಗು ನಡುಗಿ ಮರದ ಮೇಲೆ ಅಲೆ ಅಲೆ ಗೆರೆ ಬೀಳುತ್ತೆ. ಅಲಗು ತೆಗೆದ್ರೆ ಎರಡು ಸ್ಕ್ರೂ ಕಾಣುತ್ತೆ. ಪೂರ್ತಿ ಬಿಚ್ಚಿ, ತಳದ ತುಕ್ಕು, ಪುಡಿ ಒರೆಸಿ, ಆಮೇಲೆ ಒಂದನ್ನ ಸ್ವಲ್ಪ, ಇನ್ನೊಂದನ್ನ ಸ್ವಲ್ಪ ಅಂತ ಬಿಗಿ ಮಾಡಿ. ಪೀಠ ಬಾಯಿಗೆ ನೇರವಾಗಿ ಕೂತಿದೆಯಾ ನೋಡ್ಕೊಳ್ಳಿ.

ಮೂರನೇದು, ಅಲಗನ್ನ ಒತ್ತಿ ಹಿಡಿಯೋ ಮೇಲಿನ ಮುಚ್ಚಳ. ಕೆಲಸದ ಮಧ್ಯೆ ಅಲಗು ಜಾರಿದ್ರೆ ಅದರ ಸ್ಕ್ರೂವನ್ನ ಕಾಲು ಸುತ್ತು ಬಿಗಿ ಮಾಡಿ. ಲಿವರ್ ಹೆಬ್ಬೆರಳಿನ ಒತ್ತಡಕ್ಕೇ ಮುಚ್ಚಬೇಕು. ಸುತ್ತಿಗೆ ಬೇಕಾಯ್ತು ಅಂದ್ರೆ ಜಾಸ್ತಿ ಆಯ್ತು ಅಂತ ಅರ್ಥ. ಬೀಡು ಬಗ್ಗಲ್ಲ, ಮುರಿಯುತ್ತೆ.

ಕೊನೇದು ಹಿತ್ತಾಳೆ ಚಕ್ರ. ಹಿಂದೆ ಮುಂದೆ ತಿರುಗಿಸಿದಾಗ ಅರ್ಧ ಸುತ್ತು ಅಲಗು ಕದಲೋದೇ ಇಲ್ಲ. ಇದನ್ನ ರಿಪೇರಿ ಮಾಡೋಕೆ ಹೋಗಬೇಡಿ. ನಮ್ಮ ಭಾಷೇಲಿ ಹೇಳೋದಾದ್ರೆ ಇದು ಬಗ್ ಅಲ್ಲ. ಈ ಅಚ್ಚಿನಲ್ಲಿ ಅಷ್ಟು ಸಡಿಲ ಇದ್ದೇ ಇರುತ್ತೆ. ಅಲಗನ್ನ ಹಿಂದಕ್ಕೆ ತಂದು, ಮುಂದಕ್ಕೆ ತಳ್ಳುತ್ತಾ ಅಳತೆ ಮುಗಿಸಿದ್ರೆ ಕೆಲಸದಲ್ಲಿ ಅದು ಹಿಂದೆ ಸರಿಯಲ್ಲ.

ಇಷ್ಟಕ್ಕೆ ಬೇಕಾದ್ದು ಗಾಡಿಗೆ ಸರಿಯಾಗಿ ಕೂರೋ ಅಗಲದ ಸ್ಕ್ರೂಡ್ರೈವರ್, ಒಂದು ಅರ, ಎರಡು ವಾಷರ್, ತುಕ್ಕು ಹಿಡಿದಿದ್ರೆ ರಾತ್ರಿಯಿಡೀ ಬಿಡೋಕೆ ನಾಲ್ಕು ಹನಿ ಎಣ್ಣೆ. ಒಂದು ಭಾನುವಾರ ಬೆಳಿಗ್ಗೆ ಸಾಕು. ನಿಮ್ಮದು ಎಲ್ಲಿ ಅಲ್ಲಾಡ್ತಿದೆ ಅಂತ ಬರೆದು ತಿಳಿಸಿ, ಸಿಗೋಣ.