ಅಂಗಡಿಯ ಸೇಬಿನ ರಸ, ಮನೆಯ ಸೈಡರ್

ಸೇಬಿನ ರಸ ಹುದುಗಿ ಮದ್ಯವಾದರೆ ಅದೇ ಸೈಡರ್. ಇಂಗ್ಲೆಂಡಿನ ಹೆರಿಫರ್ಡ್‌ಶೈರ್, ಸಾಮರ್‌ಸೆಟ್, ಡೆವನ್ ಸೀಮೆಗಳಲ್ಲಿ, ಫ್ರಾನ್ಸಿನ ನಾರ್ಮಂಡಿ ಮತ್ತು ಬ್ರಿಟನಿಯಲ್ಲಿ, ಸ್ಪೇನಿನ ಅಸ್ತೂರಿಯಾಸ್‌ನಲ್ಲಿ ಇದು ಶತಮಾನಗಳಿಂದ ಬಂದ ಪಾನೀಯ. ಹಳೆಯ ಕ್ರಮದಲ್ಲಿ ರೈತರು ಶರತ್ಕಾಲದ ಸೇಬನ್ನು ಆರಿಸಿ, ಜಜ್ಜಿ, ದೊಡ್ಡ ತಿರುಪಿನ ಒತ್ತುಯಂತ್ರದಲ್ಲಿ ಹಿಂಡಿ, ರಸವನ್ನು ಮರದ ಪೀಪಾಯಿಗೆ ತುಂಬಿ ಚಳಿಗಾಲ ಕಳೆಯುವವರೆಗೆ ಬಿಡುತ್ತಾರೆ. ತೋಟವಾಗಲಿ ಒತ್ತುಯಂತ್ರವಾಗಲಿ ಇಲ್ಲದ ಪಟ್ಟಣದ ಮನೆಗಳಲ್ಲಿ ಅದೇ ಕೆಲಸ ಅಂಗಡಿಯ ಪೊಟ್ಟಣದ ರಸದಿಂದ ನಡೆಯುತ್ತದೆ. ಬ್ರಿಟನ್ನಿನ ಹವ್ಯಾಸಿಗಳು ಇದನ್ನು ಟರ್ಬೊ ಸೈಡರ್ ಎಂದು ಕರೆಯುತ್ತಾರೆ. ಪೊಟ್ಟಣದ ರಸ ತಿಂಗಳುಗಟ್ಟಲೆ ಕೆಡದಿರಲಿ ಎಂದು ಕಾರ್ಖಾನೆಯಲ್ಲಿ ಪಳಗಿಸಿದ ರಸ. ಅದರಿಂದ ಏನು ಹೋಗಿದೆ, ಏನು ಉಳಿದಿದೆ, ಏನು ಸೇರಿದೆ ಎಂಬುದನ್ನು ತಿಳಿದವರ ಕೈಗೆ ಒಳ್ಳೆಯ ಸೈಡರ್ ಒಲಿಯುತ್ತದೆ.

ಕಾನೂನಿನ ಮಾತು ಮೊದಲೇ ಬರಬೇಕು. ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ಸೈಡರ್ ಮಾಡಿಕೊಳ್ಳಲು ಪರವಾನಗಿ ಬೇಕಿಲ್ಲ, ಸುಂಕವೂ ಇಲ್ಲ. ಮಾರಲು ಹೊರಟರೆ ನಿಯಮಗಳೇ ಬೇರೆ. ಅಮೆರಿಕದ ಒಕ್ಕೂಟ ಕಾನೂನು ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ವರೆಗೆ ಅವಕಾಶ ಕೊಡುತ್ತದೆ. ಕರ್ನಾಟಕದಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮುಂದೆ ಬರುವ ಕ್ರಮವೆಲ್ಲ ಅನುಮತಿಯಿರುವ ದೇಶಗಳದ್ದು, ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೂ ಹೊಂದುವಂಥದ್ದು.

ಹುದುಗುವ ಕ್ರಿಯೆ ಮಾತ್ರ ಕನ್ನಡ ನಾಡಿಗೆ ಹೊಸದಲ್ಲ. ಈಚಲು ಮರದಿಂದಲೋ ತೆಂಗಿನ ಹೊಂಬಾಳೆಯಿಂದಲೋ ಇಳಿಯುವ ನೀರಾ ಬೆಳಗಿನ ಜಾವ ಸಿಹಿಯಾಗಿರುತ್ತದೆ. ಬಿಸಿಲೇರುವಷ್ಟರಲ್ಲಿ ನೊರೆಗಟ್ಟಿ ಹೆಂಡವಾಗತೊಡಗುತ್ತದೆ. ಮಡಕೆಯಲ್ಲೂ ಗಾಳಿಯಲ್ಲೂ ಇರುವ ಯೀಸ್ಟ್ ಅದರ ಸಕ್ಕರೆಯನ್ನು ತಿನ್ನಲು ಹೊತ್ತು ಬೇಕಿಲ್ಲ. ನೀರಾ ನೀರಾ ಆಗಿಯೇ ಉಳಿಯಬೇಕೆಂದರೆ ಮಡಕೆಯ ಒಳಮೈಗೆ ಸುಣ್ಣ ಬಳಿಯುತ್ತಾರೆ. ಸುಣ್ಣದ ಕ್ಷಾರದಲ್ಲಿ ಯೀಸ್ಟಿನ ಆಟ ನಡೆಯದು. ಪೊಟ್ಟಣದ ಸೇಬಿನ ರಸಕ್ಕೂ ಇಂಥ ತಡೆ ಬೇಕು. ಆ ಕೆಲಸವನ್ನು ಹೆಚ್ಚಾಗಿ ಶಾಖ ಮಾಡುತ್ತದೆ, ಕೆಲವೊಮ್ಮೆ ರಾಸಾಯನಿಕ ಮಾಡುತ್ತದೆ. ಈ ವ್ಯತ್ಯಾಸ ಸೈಡರಿಗೆ ಬಹಳ ಮುಖ್ಯ.

ಸಕ್ಕರೆ ಮದ್ಯವಾಗುವುದು ಜೀವಂತ ಯೀಸ್ಟಿನ ಕೆಲಸ ಎಂದು 1850ರ ದಶಕದ ಕೊನೆಯ ವರ್ಷಗಳಿಂದ ಪ್ರಯೋಗಗಳ ಮೂಲಕ ತೋರಿಸುತ್ತ ಬಂದವನು ಫ್ರಾನ್ಸಿನ ಲೂಯಿ ಪಾಸ್ತರ್. ಪಾನೀಯವನ್ನು ಹದವಾಗಿ ಕಾಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾಶ್ಚರೀಕರಣಕ್ಕೂ ಅವನದೇ ಹೆಸರು. ಹೀಗೆ ಕಾಯಿಸಿದ ರಸದಲ್ಲಿ ಯೀಸ್ಟ್ ಸತ್ತಿರುತ್ತದೆ, ಆದರೆ ಸಕ್ಕರೆ ಹಾಗೇ ಇರುತ್ತದೆ. ಹೊಸ ಯೀಸ್ಟ್ ಸೇರಿಸಿದರೆ ರಸ ಧಾರಾಳವಾಗಿ ಹುದುಗುತ್ತದೆ. ಕಾಡು ಯೀಸ್ಟೂ ಕೆಡಿಸುವ ಬ್ಯಾಕ್ಟೀರಿಯವೂ ಮೊದಲೇ ಅಳಿದಿರುವುದು ಹೊಸಬರಿಗೆ ದೊಡ್ಡ ಅನುಕೂಲ. ಹಸಿ ರಸ ಬಳಸುವವರು ಮೊದಲು ಸಲ್ಫೈಟ್ ಮಾತ್ರೆ ಹಾಕಿ ಕಾಯುತ್ತಾರೆ. ಪೊಟ್ಟಣದ ರಸಕ್ಕೆ ಆ ಹಂತವೇ ಬೇಡ.

ರಾಸಾಯನಿಕ ಸೇರಿಸಿದ ರಸದ ಕತೆ ಬೇರೆ. ಪೊಟಾಸಿಯಂ ಸಾರ್ಬೇಟ್, ಸೋಡಿಯಂ ಬೆಂಜೋಯೇಟ್ ಇವೆರಡೂ ಯೀಸ್ಟ್ ಬೆಳೆಯದಂತೆ ತಡೆಯಲೆಂದೇ ಹಾಕುವ ಸಂರಕ್ಷಕಗಳು. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಇವು 202, 211 ಎಂಬ ಸಂಖ್ಯೆಗಳಾಗಿಯೂ ಕಾಣಿಸಬಹುದು. ಇಂಥ ರಸವನ್ನು ಕೊಳ್ಳದಿರುವುದೇ ಸರಿ. ಯೀಸ್ಟ್ ಎಷ್ಟು ಸುರಿದರೂ ಅದು ಸರಿಯಾಗಿ ವೃದ್ಧಿಯಾಗುವುದಿಲ್ಲ. 300 ಎಂಬ ಸಂಖ್ಯೆ ಕಂಡರೆ ಹೆದರಬೇಕಿಲ್ಲ, ಅದು ಆಸ್ಕಾರ್ಬಿಕ್ ಆಮ್ಲ, ಅಂದರೆ ಸಿ ವಿಟಮಿನ್. ಸಾಂದ್ರೀಕರಿಸಿ ಮತ್ತೆ ನೀರು ಬೆರೆಸಿದ ರಸವೂ ಆದೀತು, ಆದರೆ ಆವಿಯೊಡನೆ ಪರಿಮಳ ಸ್ವಲ್ಪ ಹೋಗಿರುತ್ತದೆ. ಹಿಂಡಿ ನೇರವಾಗಿ ತುಂಬಿದ ರಸ ತುಸು ದುಬಾರಿಯಾದರೂ ಆ ಹಣ ರುಚಿಯಲ್ಲಿ ಹಿಂದಿರುಗುತ್ತದೆ. ಸಕ್ಕರೆ, ನೀರು, ಸುವಾಸನೆ ಬೆರೆಸಿದ ‘ಸೇಬಿನ ಪೇಯ’ದಿಂದ ಸೈಡರ್ ಮಾಡಹೋಗುವುದು ವ್ಯರ್ಥ.

ಒಳ್ಳೆಯ ರಸದಲ್ಲಿ ಲೀಟರಿಗೆ ಸುಮಾರು 100ರಿಂದ 120 ಗ್ರಾಂ ಸಕ್ಕರೆ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಫ್ರಕ್ಟೋಸ್, ಉಳಿದದ್ದು ಗ್ಲೂಕೋಸ್ ಮತ್ತು ಸುಕ್ರೋಸ್. ಲೆಕ್ಕದ ಪ್ರಕಾರ 180 ಗ್ರಾಂ ಗ್ಲೂಕೋಸ್ ಒಡೆದರೆ 92 ಗ್ರಾಂ ಮದ್ಯಸಾರ, 88 ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತವೆ. ಯೀಸ್ಟ್ ತನ್ನ ಮೈ ಬೆಳೆಸಿಕೊಳ್ಳಲೂ ಒಂದಿಷ್ಟು ಸಕ್ಕರೆ ಬಳಸುವುದರಿಂದ ವಾಸ್ತವದಲ್ಲಿ ಇದಕ್ಕಿಂತ ತುಸು ಕಡಿಮೆ. ಪೂರ್ತಿ ಹುದುಗಿದ ಸೈಡರಿನಲ್ಲಿ ಮದ್ಯಸಾರ ಶೇ. 6ರ ಆಸುಪಾಸು ನಿಲ್ಲುತ್ತದೆ. ಅನಿಲದ ಪ್ರಮಾಣ ಕೇಳಿದರೆ ಆಶ್ಚರ್ಯವಾದೀತು: ಒಂದೇ ಲೀಟರ್ ರಸದಿಂದ 25 ಲೀಟರಿನಷ್ಟು ಅನಿಲ ಹೊರಬರುತ್ತದೆ. ಹುದುಗುತ್ತಿರುವ ಪಾತ್ರೆಯ ಬಾಯಿಯನ್ನು ಎಂದಿಗೂ ಬಿಗಿಯಾಗಿ ಮುಚ್ಚಬಾರದು ಎನ್ನುವುದು ಇದಕ್ಕಾಗಿ.

ಅಂಗಡಿಯ ರಸದ ನಿಜವಾದ ಬಡತನ ಬೇರೆ ಕಡೆ ಇದೆ. ಅದನ್ನು ಹಿಂಡುವುದು ಸಾಮಾನ್ಯವಾಗಿ ತಿನ್ನುವ ಸೇಬಿನಿಂದ. ಸೈಡರಿಗೆಂದೇ ಬೆಳೆಸುವ ಸೇಬು ಕಚ್ಚಿ ತಿನ್ನಲಾಗದಷ್ಟು ಒಗರು, ಕಹಿ. ಬ್ರಿಸ್ಟಲ್ ಬಳಿಯ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದ ಬಿ. ಟಿ. ಪಿ. ಬಾರ್ಕರ್ 20ನೇ ಶತಮಾನದ ಆರಂಭದಲ್ಲಿ ಈ ಸೇಬುಗಳನ್ನು ನಾಲ್ಕು ಗುಂಪು ಮಾಡಿದರು: ಸಿಹಿ, ಹುಳಿ, ಕಹಿಸಿಹಿ, ಕಹಿಹುಳಿ. ಟ್ಯಾನಿನ್ ಶೇ. 0.2 ದಾಟಿದರೆ ಕಹಿ, ಆಮ್ಲ ಶೇ. 0.45 ದಾಟಿದರೆ ಹುಳಿ. ಡ್ಯಾಬಿನೆಟ್ ಕಹಿಸಿಹಿ ತಳಿ, ಕಿಂಗ್‌ಸ್ಟನ್ ಬ್ಲ್ಯಾಕ್ ಕಹಿಹುಳಿ ತಳಿ. ಸೈಡರಿಗೆ ಮೈಕಟ್ಟನ್ನೂ ನಾಲಿಗೆಯ ಮೇಲೆ ಉಳಿಯುವ ಗುಣವನ್ನೂ ಕೊಡುವುದು ಟ್ಯಾನಿನ್. ಅಂಗಡಿಯ ರಸದಲ್ಲಿ ಅದು ತೀರ ಕಡಿಮೆ. ಸಕ್ಕರೆಯೆಲ್ಲ ಕರಗಿಹೋದ ಮೇಲೆ ಅಂಥ ಸೈಡರ್ ತೆಳ್ಳಗೆ, ನೀರುನೀರಾಗಿ ಅನಿಸುತ್ತದೆ. ಬ್ರಿಟನ್ನಿನ ಮನೆಗಳಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ಒಂದೆರಡು ಚಮಚ ಚಹಾಪುಡಿಯ ಕಡು ಡಿಕಾಕ್ಷನ್ ಇಳಿಸಿ, ಸೋಸಿ, ಆರಿಸಿ, ನಾಲ್ಕೈದು ಲೀಟರ್ ರಸಕ್ಕೆ ಬೆರೆಸುತ್ತಾರೆ. ಚಹಾದ ಒಗರು ಸೇಬಿನ ಒಗರಿಗೆ ಪೂರ್ತಿ ಸಮವಲ್ಲ, ಆದರೂ ಸೈಡರ್ ಗಮನಾರ್ಹವಾಗಿ ಸುಧಾರಿಸುತ್ತದೆ. ರಸ ಬರೀ ಸಿಹಿಯಾಗಿದ್ದರೆ ಸೇಬಿನ ಸ್ವಂತ ಆಮ್ಲವಾದ ಮ್ಯಾಲಿಕ್ ಆಮ್ಲವನ್ನು ಚಿಟಿಕೆ ಸೇರಿಸುವುದೂ ಉಂಟು. ಮತ್ತೇರಲೆಂದು ಸಕ್ಕರೆ ಸುರಿಯುವ ರೂಢಿ ಮಾತ್ರ ಒಳ್ಳೆಯದಲ್ಲ. ಮದ್ಯಸಾರ ಏರುತ್ತದೆ, ಸೇಬಿನ ರುಚಿ ಅಷ್ಟರಮಟ್ಟಿಗೆ ಅಡಗುತ್ತದೆ.

ಸಲಕರಣೆ ಹೆಚ್ಚೇನಿಲ್ಲ. ಸುಮಾರು 4.5 ಲೀಟರ್ ಹಿಡಿಯುವ, ಕಿರಿದಾದ ಕತ್ತಿನ ಗಾಜಿನ ಜಾಡಿ. ಅದರ ಬಾಯಿಗೆ ತೂತಿನ ಬಿರಡೆ. ಬಿರಡೆಗೆ ಏರ್‌ಲಾಕ್ ಎಂಬ, ನೀರು ತುಂಬಿದ ಸಣ್ಣ ಡೊಂಕು ಕೊಳವೆ. ಒಳಗಿನ ಅನಿಲ ಗುಳ್ಳೆಯಾಗಿ ನೀರನ್ನು ದಾಟಿ ಹೊರಹೋಗುತ್ತದೆ, ಹೊರಗಿನ ಗಾಳಿ ಒಳಬರುವುದಿಲ್ಲ. ಇವುಗಳ ಜೊತೆಗೆ ಸೈಫನ್ ಕೊಳವೆ ಮತ್ತು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್. ರಸ ತಾಗುವ ಪ್ರತಿಯೊಂದು ವಸ್ತುವನ್ನೂ ತೊಳೆದ ಮೇಲೆ ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಬೇಕು. ಪಾಶ್ಚರೀಕರಿಸಿದ ಶುದ್ಧ ರಸವನ್ನು ಕೊಳಕು ಕೊಳವೆ ಕ್ಷಣದಲ್ಲಿ ಕೆಡಿಸಬಲ್ಲದು. ಹಾಳಾದ ಸೈಡರಿನ ಮೂಲ ಹುಡುಕುತ್ತ ಹೋದರೆ ಬಹುಮಟ್ಟಿಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಯೀಸ್ಟ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಒಂದಲ್ಲ. ಬ್ರೆಡ್ಡಿನ ಯೀಸ್ಟೂ ಮದ್ಯದ ಯೀಸ್ಟಿನ ಜಾತಿಯದೇ, ಅದರಿಂದಲೂ ಸೈಡರ್ ಆಗುತ್ತದೆ. ಆದರೆ ಅದು ತಳದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಹಿಟ್ಟಿನ ವಾಸನೆಯನ್ನೂ ಬಿಡುತ್ತದೆ. ಶಾಂಪೇನ್ ಯೀಸ್ಟ್ ತಂಪಿನಲ್ಲೂ ಕೆಲಸ ಮಾಡಿ ಸಿಹಿಯನ್ನು ಪೂರ್ತಿ ತಿಂದು ಮುಗಿಸುತ್ತದೆ. ಬಿಯರ್ ತಯಾರಿಸುವ ಏಲ್ ಯೀಸ್ಟಿನಿಂದ ತುಸು ಮೆದುವಾದ, ಹಣ್ಣಿನ ಸೊಗಡುಳ್ಳ ಸೈಡರ್ ಸಿಗುತ್ತದೆ. 5 ಗ್ರಾಂ ಪೊಟ್ಟಣ 20 ಲೀಟರಿಗೇ ಸಾಲುವುದರಿಂದ ಒಂದು ಜಾಡಿಗೆ ಅರ್ಧ ಹಾಕಿದರೆ ಧಾರಾಳವಾಯಿತು. ಸೇಬಿನ ರಸದಲ್ಲಿ ಯೀಸ್ಟಿಗೆ ಬೇಕಾದ ಸಾರಜನಕ ಕಡಿಮೆ. ಹಸಿದ ಯೀಸ್ಟ್ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಇದನ್ನು ತಪ್ಪಿಸಲು ಯೀಸ್ಟ್ ಪೋಷಕ ಎಂದು ಮಾರುವ ಪುಡಿಯನ್ನು ಮೊದಲೇ ಸೇರಿಸುವುದು ವಾಡಿಕೆ.

ಕೆಲಸ ಶುರುವಾಗುವುದು ಹೀಗೆ. ಜಾಡಿಗೆ ಮೊದಲು 4 ಲೀಟರಿನಷ್ಟೇ ರಸ ಸುರಿದು, ಬಾಯಿ ಮುಚ್ಚಿ, ಜೋರಾಗಿ ಕುಲುಕಬೇಕು. ವೃದ್ಧಿಯಾಗುವ ಹೊತ್ತಿನಲ್ಲಿ ಯೀಸ್ಟಿಗೆ ಆಮ್ಲಜನಕ ಬೇಕು. ಹುದುಗು ಹಿಡಿದ ಮೇಲೆ ಅದೇ ಆಮ್ಲಜನಕ ಶತ್ರು. ಯೀಸ್ಟ್ ಉದುರಿಸಿ ಏರ್‌ಲಾಕ್ ಕೂರಿಸಿ ಬಿಸಿಲು ಬೀಳದ ಕಡೆ ಇಟ್ಟರೆ ಒಂದೆರಡು ದಿನದಲ್ಲಿ ನೊರೆಯೇಳುತ್ತದೆ. ನೊರೆ ಇಳಿದ ಮೇಲೆ ಉಳಿದ ರಸವನ್ನು ಕತ್ತಿನವರೆಗೆ ತುಂಬುತ್ತಾರೆ. 15ರಿಂದ 20 ಡಿಗ್ರಿ ಸೆಲ್ಸಿಯಸ್ ಹದವಾದ ತಾಪ. ಸೆಕೆ ಹೆಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಸೇಬಿನ ಪರಿಮಳ ಅನಿಲದೊಡನೆ ಹಾರಿ ಘಾಟು ಉಳಿಯುತ್ತದೆ. ತಂಪಾಗಿ, ನಿಧಾನವಾಗಿ ಹುದುಗಿದ ಸೈಡರಿನ ಘಮವೇ ಬೇರೆ.

ಗುಳ್ಳೆ ನಿಂತ ಮಾತ್ರಕ್ಕೆ ಹುದುಗುವುದು ಮುಗಿಯಿತು ಎಂದುಕೊಳ್ಳುವಂತಿಲ್ಲ. ಹೈಡ್ರೋಮೀಟರ್ ಬೇಕಾಗುವುದು ಇಲ್ಲಿ. ನೀರಿನಲ್ಲಿ ಅದು 1.000 ತೋರಿಸಿದರೆ ಸಿಹಿ ರಸದಲ್ಲಿ 1.045ರಿಂದ 1.050 ತೋರಿಸುತ್ತದೆ. ಸಕ್ಕರೆ ಕರಗಿದಂತೆ ಅಂಕಿ ಇಳಿಯುತ್ತ, ಮದ್ಯಸಾರ ನೀರಿಗಿಂತ ಹಗುರವಾದ್ದರಿಂದ ಕೊನೆಗೆ 1.000ಕ್ಕಿಂತಲೂ ಕೆಳಗೆ ಹೋಗುವುದುಂಟು. ಆರಂಭದ ಅಂಕಿಯಿಂದ ಕೊನೆಯದನ್ನು ಕಳೆದು 131ರಿಂದ ಗುಣಿಸಿದರೆ ಮದ್ಯಸಾರದ ಶೇಕಡಾವಾರು ಸಿಗುತ್ತದೆ. 1.048ರಿಂದ 1.000ಕ್ಕೆ ಇಳಿದಿದ್ದರೆ ಸುಮಾರು 6.3. ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಅಳೆದಾಗ ಒಂದೇ ಅಂಕಿ ಬಂದರೆ ಹುದುಗುವಿಕೆ ಮುಗಿದಂತೆ. ಸಾಮಾನ್ಯವಾಗಿ ಇದಕ್ಕೆ ಎರಡು ಮೂರು ವಾರ ಬೇಕು.

ಅಷ್ಟರಲ್ಲಿ ತಳದಲ್ಲಿ ಯೀಸ್ಟಿನ ಗಷ್ಟು ಕೂತಿರುತ್ತದೆ. ಅದನ್ನು ಕಲಕದೆ ಸೈಫನ್‌ನಿಂದ ಮೇಲಿನ ಸೈಡರನ್ನು ಮತ್ತೊಂದು ಜಾಡಿಗೆ ಇಳಿಸಿ, ಕತ್ತಿನವರೆಗೆ ತುಂಬಿ, ತಿಂಗಳೊಂದೆರಡು ಬಿಡುವುದು ಒಳ್ಳೆಯದು. ಅರ್ಧ ಖಾಲಿ ಜಾಡಿ ಅಪಾಯ: ಗಾಳಿ ಸಿಕ್ಕರೆ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಮದ್ಯಸಾರವನ್ನು ಅಸಿಟಿಕ್ ಆಮ್ಲ ಮಾಡುತ್ತದೆ, ಸೈಡರ್ ವಿನೆಗರ್ ಆಗುತ್ತದೆ. ಬ್ಯಾಕ್ಟೀರಿಯವೆಲ್ಲ ಹಗೆಯಲ್ಲ. ಕೆಲವು ಜಾತಿಗಳು ಚುರುಕಾದ ಮ್ಯಾಲಿಕ್ ಆಮ್ಲವನ್ನು ಮೆತ್ತನೆಯ ಲ್ಯಾಕ್ಟಿಕ್ ಆಮ್ಲಕ್ಕೆ ತಿರುಗಿಸಿ ರುಚಿಯನ್ನು ದುಂಡಗೆ ಮಾಡುತ್ತವೆ. ಪೀಪಾಯಿಯ ಸೈಡರಿನಲ್ಲಿ ಇದು ತಾನಾಗಿ ನಡೆಯುತ್ತದೆ; ಪಾಶ್ಚರೀಕರಿಸಿದ ರಸದಲ್ಲಿ ಅಪರೂಪ.

ಹೀಗೆ ಸಿದ್ಧವಾದ ಸೈಡರಿನಲ್ಲಿ ಸಿಹಿಯೇ ಇರುವುದಿಲ್ಲ, ಇದು ಅನೇಕರಿಗೆ ಅನಿರೀಕ್ಷಿತ. ಸಕ್ಕರೆ ಹಾಕಿದರೆ ಉಳಿದ ಯೀಸ್ಟ್ ಅದನ್ನೂ ತಿನ್ನುತ್ತದೆ. ಸುಲಭದ ದಾರಿ, ಲೋಟಕ್ಕೆ ಬಗ್ಗಿಸಿದ ಮೇಲೆ ತುಸು ಸೇಬಿನ ರಸ ಬೆರೆಸುವುದು. ಎರಿತ್ರಿಟಾಲ್‌ನಂಥ, ಯೀಸ್ಟ್ ಹುದುಗಿಸಲಾರದ ಸಿಹಿಕಾರಕ ಬಳಸುವವರೂ ಇದ್ದಾರೆ.

ನೊರೆಸೂಸುವ ಸೈಡರ್ ಬೇಕಾದರೆ ಬಾಟಲಿಗೆ ತುಂಬುವಾಗ ಲೀಟರಿಗೆ 6 ಗ್ರಾಂ ಸಕ್ಕರೆ ಹಾಕಿ, ಬಿಗಿಯಾಗಿ ಮುಚ್ಚಿ, ಎರಡು ವಾರ ಮನೆಯ ತಾಪದಲ್ಲಿ ಇಡುತ್ತಾರೆ. ಅಷ್ಟು ಸಕ್ಕರೆಯಿಂದ ಹುಟ್ಟಿದ ಸುಮಾರು 3 ಗ್ರಾಂ ಅನಿಲ ಹೊರಗೆ ಹೋಗಲಾಗದೆ ಸೈಡರಿನಲ್ಲೇ ಕರಗುತ್ತದೆ. ಇಡೀ ಕೆಲಸದಲ್ಲಿ ದೈಹಿಕ ಅಪಾಯವಿರುವ ಹಂತ ಇದೊಂದೇ. ಹುದುಗುವುದು ಮುಗಿಯುವ ಮೊದಲೇ ತುಂಬಿದರೆ, ಅಥವಾ ಸಕ್ಕರೆ ಕೈಮೀರಿದರೆ, ಗಾಜು ಸಿಡಿದು ಚೂರು ಹಾರುತ್ತದೆ. ಬಿಯರ್ ಅಥವಾ ಶಾಂಪೇನ್ ತುಂಬಲು ಮಾಡಿದ ದಪ್ಪ ಬಾಟಲಿ ಒತ್ತಡ ತಾಳುತ್ತದೆ. ವೈನ್ ಮತ್ತು ಜ್ಯೂಸಿನ ಬಾಟಲಿ ತಾಳುವುದಿಲ್ಲ. ಹೊಸಬರಿಗೆ ಸೋಡಾದ ಪ್ಲಾಸ್ಟಿಕ್ ಬಾಟಲಿ ಎಲ್ಲಕ್ಕಿಂತ ಸುರಕ್ಷಿತ. ಒತ್ತಿ ನೋಡಿ ಕಲ್ಲಿನಂತೆ ಗಟ್ಟಿಯಾಗಿದ್ದರೆ ಫ್ರಿಜ್ಜಿಗೆ ಸೇರಿಸಿದರಾಯಿತು, ತಣ್ಣಗಾದೊಡನೆ ಯೀಸ್ಟ್ ಮಂದವಾಗುತ್ತದೆ.

ಸೈಡರನ್ನು ಕಾಯಿಸಿ ಭಟ್ಟಿ ಇಳಿಸುವುದು ಈ ಕೆಲಸದ ಭಾಗವಲ್ಲ. ಮನೆಯಲ್ಲಿ ಭಟ್ಟಿ ಇಳಿಸುವುದಕ್ಕೆ ಬ್ರಿಟನ್, ಅಮೆರಿಕಗಳಲ್ಲೂ ಅನುಮತಿಯಿಲ್ಲ. ಸೇಬಿನ ಪೆಕ್ಟಿನ್‌ನಿಂದ ಹುಟ್ಟುವ ಮೆಥನಾಲ್ ಸೈಡರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ, ಅಷ್ಟರಿಂದ ತೊಂದರೆಯಿಲ್ಲ. ಭಟ್ಟಿಯಲ್ಲಿ ಅದೇ ಸಾಂದ್ರವಾಗುತ್ತದೆ.

ಬ್ರಿಟನ್ನಿನ ತೆರಿಗೆ ನಿಯಮದಂತೆ ಸೈಡರ್ ಎನಿಸಿಕೊಳ್ಳಲು ಶೇ. 35ರಷ್ಟು ರಸವಿದ್ದರೆ ಸಾಕು. ಉಳಿದದ್ದು ನೀರು, ಸಕ್ಕರೆ ಆಗಿರಬಹುದು. ಹೆಚ್ಚುಕಡಿಮೆ ಪೂರ್ತಿ ರಸದಿಂದಲೇ ಆದ ಮನೆಯ ಸೈಡರ್ ಆ ದೃಷ್ಟಿಯಲ್ಲಿ ಹೆಚ್ಚು ಗಟ್ಟಿ ಸರಕು. ಬಾಟಲಿಗೆ ತುಂಬಿದ ಎರಡು ವಾರಕ್ಕೆ ಕುಡಿಯಲು ಬರುವುದಾದರೂ ಆಗ ಅದರಲ್ಲಿ ಯೀಸ್ಟಿನ ಹಸಿವಾಸನೆ ಇರುತ್ತದೆ. ಕತ್ತಲೆಯ ತಂಪು ಜಾಗದಲ್ಲಿ ಮೂರು ನಾಲ್ಕು ತಿಂಗಳು ಇಟ್ಟ ಬಾಟಲಿಯಲ್ಲಿ ಆ ವಾಸನೆ ಅಡಗಿ, ಹುಳಿ ಹದವಾಗಿ, ಸೇಬಿನ ಪರಿಮಳ ಮೇಲೆ ಬರುತ್ತದೆ. ತಳದ ತೆಳು ಗಷ್ಟು ಏಳದಂತೆ ಬಾಟಲಿಯನ್ನು ನಿಧಾನವಾಗಿ ಬಾಗಿಸಿ ಬಗ್ಗಿಸಬೇಕು, ಕೊನೆಯ ಒಂದು ಗುಟುಕಿನಷ್ಟನ್ನು ಬಾಟಲಿಯಲ್ಲೇ ಬಿಡಬೇಕು.